ಹನ್ನೊಂದನೇ ಸಾಲಿನ ಸೆಲ್‌ಗಳು

ಆ ಸ್ಕೂಟರು ನನ್ನ ಅಂಗಡಿಗೆ ತಾನಾಗಿ ಬರಲಿಲ್ಲ. ಗೂಡ್ಸ್ ಆಟೊದ ಹಿಂದೆ ಹಗ್ಗ ಬಿಗಿಸಿಕೊಂಡು ಬಂತು. ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಒಂದೊಂದು ಚಕ್ರ ಕೂಡಿಸಿದ್ದ ಎಲೆಕ್ಟ್ರಿಕ್ ಗಾಡಿ. ಕಾಲಿಗೆ ಶಕ್ತಿ ಇಲ್ಲದವರು ಬೀಳುವ ಭಯವಿಲ್ಲದೆ ಓಡಿಸಲಿಕ್ಕೆ ಹಾಗೆ ಮಾಡಿಸಿಕೊಳ್ಳುತ್ತಾರೆ. ಅದರ ಒಡತಿ ಆಟೊದ ಮುಂದಿನ ಸೀಟಿನಲ್ಲಿದ್ದರು. ಬಲಗಾಲಿಗೆ ಕಬ್ಬಿಣದ ಆಸರೆಪಟ್ಟಿ, ಕ್ಯಾಲಿಪರ್, ಕೈಯಲ್ಲೊಂದು ಊರುಗೋಲು. ನ್ಯಾಮತಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಜೊತೆಗೆ ಬಂದಿದ್ದವರು ಅವರ ಅಣ್ಣ.

ನ್ಯಾಮತಿಯಲ್ಲಿ ನನ್ನದು ಯುಪಿಎಸ್, ಇನ್ವರ್ಟರ್ ರಿಪೇರಿ ಅಂಗಡಿ. ಈಚೆಗೆ ಎಲೆಕ್ಟ್ರಿಕ್ ಗಾಡಿಗಳೂ ಬರುತ್ತವೆ. ಬಂದವರು ಮೊದಲು ಒಳಗೆ ಇಣುಕಿ "ಯಜಮಾನ್ರು ಇಲ್ವಾ" ಅನ್ನುತ್ತಾರೆ. ಈ ಅಣ್ಣ ಅದನ್ನು ಕೇಳಲಿಲ್ಲ. ಕೇಳುವಷ್ಟು ಸಮಾಧಾನ ಅವರ ಮುಖದಲ್ಲಿರಲಿಲ್ಲ.

"ಮೇಡಂ, ಇದು ಮೂರನೇ ಸಲ," ಎಂದರು. "ನಡುರಸ್ತೆಯಾಗೆ ಗಕ್ಕಂತ ನಿಂತುಬಿಡ್ತೈತೆ. ಇವತ್ತು ಹಿಂದೆ ಮೆಕ್ಕೆಜೋಳದ ಲಾರಿ ಇತ್ತು. ಡ್ರೈವರು ಹುಷಾರಿದ್ದ, ಇವಳು ಉಳಕೊಂಡಾಳೆ."

"ಮೀಟರೂ ಆರಿಹೋಗ್ತೈತೆ ರೀ," ಎಂದರು ಟೀಚರ್. "ಲೈಟಿಲ್ಲ, ಹಾರ್ನಿಲ್ಲ. ಚಾವಿ ಆಫ್ ಮಾಡಿ ಒಂದು ಗಳಿಗೆ ಬಿಟ್ಟು ಆನ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಹೊರಡ್ತೈತೆ."

"ಹೊನ್ನಾಳಿಯಾಗೆ ತೋರಿಸಿದ್ವಿ. ಬಿಎಂಎಸ್ ತಪ್ಪಿಸಿ ಡೈರೆಕ್ಟ್ ಮಾಡಿಬಿಟ್ರೆ ಇನ್ನು ನಿಲ್ಲಂಗೇ ಇಲ್ಲ ಅಂದ್ರು. ನೀವು ಅಷ್ಟು ಮಾಡಿಕೊಡ್ರಿ ಸಾಕು."

ಬಿಎಂಎಸ್ ಅನ್ನುವುದು ಬ್ಯಾಟರಿಯನ್ನು ಕಾಯುವ ಒಂದು ಸರ್ಕ್ಯೂಟ್ ಬೋರ್ಡು. ಟೀಚರ್ ಗಾಡಿಯ ಬ್ಯಾಟರಿಯೊಳಗೆ ಹದಿನಾರು ಸಾಲು ಸೆಲ್‌ಗಳಿದ್ದವು. ಒಂದೊಂದು ಸಾಲಿನಲ್ಲಿ ಐದು ಸೆಲ್, ನೊಗ ಹಂಚಿಕೊಂಡ ಎತ್ತುಗಳ ಹಾಗೆ ಆ ಐದೂ ಸೇರಿ ಭಾರ ಎಳೆಯುತ್ತವೆ. ಸಾಲಿಗೊಂದರಂತೆ ತೆಳು ತಂತಿ ಬೋರ್ಡಿಗೆ ಹೋಗಿರುತ್ತದೆ. ಯಾವುದೇ ಒಂದು ಸಾಲಿನ ವೋಲ್ಟೇಜು ತೀರಾ ಕೆಳಗಿಳಿದರೂ ಬೋರ್ಡು ಇಡೀ ಬ್ಯಾಟರಿಯನ್ನು ಕಡಿದುಹಾಕುತ್ತದೆ. ಡೈರೆಕ್ಟ್ ಮಾಡುವುದು ಎಂದರೆ ಆ ಬೋರ್ಡನ್ನು ತಪ್ಪಿಸಿ ಪಕ್ಕದಿಂದಲೇ ಒಂದು ದಪ್ಪ ತಂತಿ ಎಳೆಯುವುದು. ಆಮೇಲೆ ಗಾಡಿ ನಿಲ್ಲುವುದಿಲ್ಲ, ನಿಜ. ಯಾವುದಕ್ಕೂ ನಿಲ್ಲುವುದಿಲ್ಲ.

ಗಾಡಿ ಬಿಟ್ಟುಹೋಗಿ, ನೋಡುತ್ತೇನೆ ಎಂದೆ. ಟೀಚರ್ ಆಟೊ ಹತ್ತುವ ಮುನ್ನ ತಿರುಗಿ, "ಬೇಗ ಆಗ್ತೈತಾ ಅಕ್ಕ? ನಮ್ಮ ಶಾಲೆ ದಾರಿಗೆ ಬಸ್ಸಿಲ್ಲ," ಎಂದರು. ಅಣ್ಣ ದಿನಾ ಬಿಟ್ಟುಬರಬಹುದಿತ್ತು, ಹಿಂದೆ ಬಿಡುತ್ತಲೂ ಇದ್ದರಂತೆ. ಆ ದಿನಗಳಿಗೆ ಮತ್ತೆ ಹೋಗಲಿಕ್ಕೆ ಆಕೆಗೆ ಇಷ್ಟವಿಲ್ಲ ಎಂಬುದು ಕೇಳಿದ ರೀತಿಯಲ್ಲೇ ಗೊತ್ತಾಯಿತು.

ಬ್ಯಾಟರಿ ಬಿಚ್ಚುವ ಮೊದಲು ನಾನು ಬಳೆ ತೆಗೆದಿಡುತ್ತೇನೆ. ಬಳೆ ಎರಡು ಕಡೆ ತಾಗಿದರೆ ಸಾಕು, ಕೈ ಸುಟ್ಟುಹೋಗುತ್ತದೆ. ಸೀಟಿನ ಕೆಳಗಿನ ತಗಡಿನ ಪೆಟ್ಟಿಗೆಯ ಮುಚ್ಚಳ ತೆಗೆದು, ಬೋರ್ಡಿನ ಕನೆಕ್ಟರಿನಲ್ಲೇ ಹದಿನಾರೂ ಸಾಲು ಅಳೆದೆ. ಎಲ್ಲ ಸಮ. ಹೀಟರ್ ಕಾಯಿಲುಗಳನ್ನು ಜೋಡಿಸಿ ಬ್ಯಾಟರಿಯ ಮೇಲೆ ಕರೆಂಟಿನ ಭಾರ ಹಾಕಿ ಮತ್ತೆ ಅಳೆದೆ. ಎಲ್ಲವೂ ಒಟ್ಟಿಗೆ ಇಳಿದವು, ಒಟ್ಟಿಗೆ ಏರಿದವು. ಬೋರ್ಡಿಗೆ ಫೋನ್ ಜೋಡಿಸಿ ನೋಡಿದರೆ ಕಡಿತಕ್ಕೆ ಕಾರಣ ದಾಖಲಾಗಿತ್ತು: ಒಂದು ಸಾಲಿನ ವೋಲ್ಟೇಜು ಮಿತಿಗಿಂತ ಕೆಳಗೆ. ಯಾವ ಸಾಲು ಎಂದು ಆ ಬೋರ್ಡು ಬರೆದಿಡುವುದಿಲ್ಲ. ಹದಿನಾರು ಜನ ನಿಂತಿದ್ದಾರೆ, ಒಬ್ಬ ಸುಳ್ಳ, ಯಾರೆಂದು ಹೇಳುವವರಿಲ್ಲ.

ಇಂಥ ಕಡೆ ಮೊದಲ ಅನುಮಾನ ತೆಳು ತಂತಿಗಳ ಮೇಲೆ. ತಂತಿ ಅಲ್ಲಾಡಿ ಒಂದು ಕ್ಷಣ ಬಿಟ್ಟರೆ ಸೆಲ್ ಚೆನ್ನಾಗಿದ್ದರೂ ಬೋರ್ಡಿಗೆ ಕಡಿಮೆ ಕಾಣುತ್ತದೆ. ಕನೆಕ್ಟರಿನ ಬೆಸುಗೆ ಎಲ್ಲವನ್ನೂ ಹೊಸದಾಗಿ ಹಾಕಿದೆ, ತಂತಿಗಳನ್ನು ಅಂಟಿನಿಂದ ಭದ್ರ ಮಾಡಿದೆ. ಗಾಡಿ ತೆಗೆದುಕೊಂಡು ಹೊನ್ನಾಳಿ ರಸ್ತೆಯಲ್ಲಿ ಹೋಗಿ ಬಂದೆ, ನಾಲೆ ಏರಿಯ ಮೇಲಿನ ಗುಂಡಿಗಳಲ್ಲಿ ಬೇಕಂತಲೇ ಕುಕ್ಕಿಸಿದೆ. ಏನೂ ಆಗಲಿಲ್ಲ. ಸರಿಯಾಯಿತು ಎಂದುಕೊಂಡು ಗಾಡಿ ಕೊಟ್ಟು ಕಳಿಸಿದೆ.

ಮರುದಿನ ಶಾಲೆ ಬಿಡುವ ಹೊತ್ತಿಗೆ ಫೋನ್ ಬಂತು. ಟೀಚರ್ ದನಿ ಬಹಳ ಸಣ್ಣದಾಗಿತ್ತು.

"ಅಕ್ಕ, ನಾಲೆ ಏರಿ ಹತ್ತೋ ಕಡೆ ನಿಂತೀನಿ. ಗಾಡಿ ಹಿಂದಕ್ಕೆ ಜಾರ್ತೈತೆ. ಎರಡೂ ಬ್ರೇಕ್ ಹಿಡಕೊಂಡೀನಿ. ಸ್ಪೀಕರ್‌ನಾಗೆ ಮಾತಾಡ್ತಾ ಇದ್ದೀನಿ, ಒಬ್ಬ ಅಜ್ಜಾರು ಫೋನ್ ಹಿಡಕೊಂಡಾರೆ."

ಅಂಗಡಿಗೆ ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲ. ನನ್ನ ಬೈಕಿನಲ್ಲಿ ಅಲ್ಲಿಗೆ ಹೋದಾಗ ಅವರು ಹಾಗೆಯೇ ಕೂತಿದ್ದರು. ಹಿಂದಿನ ಚಕ್ರಕ್ಕೆ ಕುರಿ ಕಾಯುವ ಅಜ್ಜ ಒಂದು ಕಲ್ಲು ಕೊಟ್ಟಿದ್ದರು. ಆದರೂ ಟೀಚರ್ ಬ್ರೇಕ್ ಬಿಟ್ಟಿರಲಿಲ್ಲ. ಎಡಕ್ಕೆ ನಾಲೆ, ತುಂಬ ನೀರು. ನಾನು ಹಿಂದಿನಿಂದ ಗಾಡಿಗೆ ಭುಜ ಕೊಟ್ಟು "ಬಿಡ್ರಿ ಇನ್ನು" ಎಂದರೂ ಆಕೆಯ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಒಂದೊಂದಾಗಿ ನಾನೇ ಬಿಡಿಸಿದೆ. ಬೆರಳ ತುದಿಗಳು ಬಿಳಿಚಿಹೋಗಿದ್ದವು.

ನನ್ನ ಮೇಲೆ ಆಕೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಹಗುರವಾಗುತ್ತಿತ್ತು.

ಹೊಸ ಬೋರ್ಡು ತರಿಸಿ ಹಾಕಿದೆ. ನಾನೇ ಅದೇ ಏರಿಯನ್ನು ಹತ್ತಿಸಿದೆ, ಇಳಿಸಿದೆ, ಮತ್ತೆ ಹತ್ತಿಸಿದೆ. ಗಾಡಿ ಕುರಿಮರಿಯ ಹಾಗೆ ಓಡಿತು. ಭಾರ ಸಾಲದಿರಬಹುದೆಂದು ಸೀಟಿನ ಹಿಂಬದಿಗೆ ದನದ ಹಿಂಡಿಯ ಚೀಲ ಕಟ್ಟಿಕೊಂಡು ಹತ್ತಿಸಿದೆ. ಆಗಲೂ ಏನಿಲ್ಲ. ಈ ಸಲ ಗಾಡಿಯನ್ನು ಕೈಗೆ ಕೊಡುವ ಧೈರ್ಯ ಬರಲಿಲ್ಲ. ಟೀಚರನ್ನು ಅಂಗಡಿಗೇ ಕರೆಸಿ, ಎದುರಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿಬರಲು ಹೇಳಿದೆ. ಸಂತೆ ಮಾಳದ ತಿರುವಿನಲ್ಲಿ ರಸ್ತೆ ಎಡಕ್ಕೆ ವಾಲಿಕೊಂಡಿದೆ. ಅಲ್ಲಿ ಗಾಡಿ ಸತ್ತಿತು.

ಅಣ್ಣ ಪಕ್ಕದಲ್ಲೇ ನಿಂತಿದ್ದರು. "ನೀವು ಓಡಿಸಿದ್ರೆ ನಿಲ್ಲಲ್ಲ, ಇವಳು ಓಡಿಸಿದ್ರೆ ನಿಲ್ತೈತೆ," ಎಂದರು. "ಇವಳೇ ಏನೋ ಮಾಡ್ತಾಳೆ ಅನ್ಬೇಕಾ ನಾನು?"

"ನಾನೇನು ಮಾಡ್ಲಿ ಅಣ್ಣ? ಎಕ್ಸಲೇಟರ್ ತಿರುಗಿಸೋದು, ಅಷ್ಟೇ."

"ಮೇಡಂ, ನಾನು ಓದಿದವನಲ್ಲ. ನಂಗೆ ಒಂದೇ ಗೊತ್ತು. ಹಿಂಗೆ ನಿಂತು ನಿಂತು ಒಂದಿನ ಲಾರಿ ಕೆಳಗೆ ಹೋಗ್ತಾಳೆ. ನಾಳೆ ಸಂಜಿ ಒಳಗೆ ಡೈರೆಕ್ಟ್ ಮಾಡಿಕೊಡ್ರಿ. ನೀವು ಮಾಡಲ್ಲ ಅಂದ್ರೆ ಹೊನ್ನಾಳಿಯಾಗೆ ಮಾಡಿಸ್ತೀನಿ. ಅವರು ಮಾಡ್ತೀನಿ ಅಂದಾರೆ."

ಅವರ ಮಾತಿನಲ್ಲಿ ತಪ್ಪು ಹುಡುಕಲಿಕ್ಕೆ ನನಗೆ ಆಗಲಿಲ್ಲ. ಬೆಂಕಿ ಬೀಳಬಹುದು ಎಂಬುದು ನನ್ನ ಊಹೆ. ಲಾರಿ ಬಂದದ್ದು ಕಣ್ಣೆದುರಿನ ಸತ್ಯ. ಮರುದಿನ ಬೆಳಿಗ್ಗೆ ದಪ್ಪ ತಂತಿಯನ್ನು ಅಳತೆಗೆ ಕತ್ತರಿಸಿ, ತುದಿಗಳಿಗೆ ಬೋಲ್ಟ್ ಕೂರುವ ಲಗ್ ಒತ್ತಿ ಮೇಜಿನ ಮೇಲೆ ಇಟ್ಟಿದ್ದೆ. ಬೋಲ್ಟ್ ಸಡಿಲಿಸಿ ಕೂಡಿಸಿಬಿಟ್ಟರೆ ಮುಗಿಯಿತು. ಬೇಕಿದ್ದರೆ ಒಂದು ಫ್ಯೂಸ್ ಹಾಕೋಣ, ತಿಂಗಳಿಗೊಮ್ಮೆ ತರಿಸಿ ನೋಡೋಣ ಎಂದೆಲ್ಲ ಮನಸ್ಸು ದಾರಿ ಮಾಡಿಕೊಳ್ಳುತ್ತಿತ್ತು. ಸ್ಪ್ಯಾನರ್ ಕೈಯಲ್ಲಿತ್ತು.

ಕರೆಂಟು ಹೋಯಿತು. ಪೆಟ್ಟಿಗೆಯೊಳಗೆ ಕಾಣದಂತಾಗಿ ಕೆಲಸ ನಿಂತಿತು. ಸುಮ್ಮನೆ ಕೂತು ಹಳೆಯ ಬೋರ್ಡನ್ನೂ ಹೊಸ ಬೋರ್ಡನ್ನೂ ನೋಡುತ್ತಿದ್ದೆ. ಎರಡೂ ಬೇರೆ ಬೇರೆ ಕಡೆ ತಯಾರಾದವು. ಎರಡರ ದಾಖಲೆಯಲ್ಲೂ ಒಂದೇ ದೂರು. ನಾನು ಇಷ್ಟು ದಿನವೂ ಬೋರ್ಡು ಸುಳ್ಳು ಹೇಳುತ್ತಿದೆ ಎಂದುಕೊಂಡೇ ಅದರ ಬಾಯಿ ಮುಚ್ಚಿಸುವ ಕೆಲಸ ಮಾಡುತ್ತಿದ್ದೆ. ನಿಜವಾಗಿಯೂ ಒಂದು ಸಾಲು ಕುಸಿಯುತ್ತಿದ್ದರೆ? ಟೀಚರ್ ಕೂತಾಗ ಮಾತ್ರ ಕುಸಿಯುತ್ತಿದ್ದರೆ?

ಹಿಂದಿನ ದಿನ ಆಕೆ ಗಾಡಿ ಹತ್ತಿದ ರೀತಿ ಕಣ್ಣ ಮುಂದೆ ಬಂತು. ಎಡಗಡೆಯಿಂದ ಬಂದು, ಎಡಗಾಲಿನ ಮೇಲೆ ಭಾರ ಬಿಟ್ಟು, ಸೀಟಿನ ಎಡ ಅಂಚಿನಲ್ಲೇ ಕೂರುತ್ತಾರೆ. ಬಲಗಾಲಿನ ಕ್ಯಾಲಿಪರ್ ಚಾಚಿಕೊಳ್ಳಲು ಜಾಗ ಬೇಕಲ್ಲ. ನಾನು ನಡುವೆ ಕೂತಿದ್ದೆ, ಚೀಲವನ್ನೂ ನಡುವೆ ಕಟ್ಟಿದ್ದೆ. ಬ್ಯಾಟರಿ ಪೆಟ್ಟಿಗೆಯನ್ನು ಪಕ್ಕದ ಚಕ್ರಗಳ ಅಡ್ಡಪಟ್ಟಿಗೇ ಬೋಲ್ಟ್ ಮಾಡಿದ್ದರು. ಎಡಚಕ್ರ ತಗ್ಗಿಗೆ ಇಳಿದು, ಭಾರವೂ ಎಡಕ್ಕೇ ಬಿದ್ದರೆ ಪಟ್ಟಿ ತಿರುಚುತ್ತದೆ. ಅದರ ಜೊತೆಗೆ ಪೆಟ್ಟಿಗೆಯೂ.

ಕತ್ತರಿಸಿದ್ದ ತಂತಿಯನ್ನು ಮೊಳೆಗೆ ತೂಗುಹಾಕಿ ಟೀಚರ್‌ಗೆ ಫೋನ್ ಮಾಡಿದೆ.

"ಒಂದು ಮಾತು ಕೇಳ್ತೀನಿ, ಬ್ಯಾಡ ಅನ್ನಿಸಿದ್ರೆ ಬ್ಯಾಡ ಅಂದುಬಿಡ್ರಿ. ನೀವೇ ಓಡಿಸ್ಬೇಕು. ನಾನು ಹಿಂದೆ ಕೂರ್ತೀನಿ. ಗಾಡಿ ನಿಲ್ಲೋ ತನಕ ಓಡಿಸ್ಬೇಕು."

"ನಾಲೆ ಏರಿ ಒಂದು ಬ್ಯಾಡ," ಎಂದರು. "ಮಿಕ್ಕಿದ ಕಡೆ ಎಲ್ಲಿಗೆ ಅಂದ್ರೂ ಬರ್ತೀನಿ."

ಒಂದೊಂದು ಸಾಲಿನಿಂದಲೂ ಒಂದು ತೆಳು ತಂತಿ ಹೊರಗೆಳೆದು, ಒಂದೊಂದಕ್ಕೂ ಪುಟ್ಟ ಫ್ಯೂಸ್ ಕೊಟ್ಟು, ಸೀಟಿನ ಪಕ್ಕ ಒಂದು ಪಟ್ಟಿಗೆ ಜೋಡಿಸಿದೆ. ಫೋನಿನಲ್ಲಿ ಕಾಣುವ ಅಂಕಿ ನಿಧಾನ, ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕುಸಿತ ಅದಕ್ಕೆ ಸಿಗುವುದಿಲ್ಲ. ನನ್ನ ಮೀಟರಿನಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿಟ್ಟರೆ ನಡುವೆ ಎಷ್ಟು ಕೆಳಗೆ ಹೋಯಿತೋ ಆ ಕನಿಷ್ಠ ಅಂಕಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಸಾಲು ಅಳೆಯಬಹುದು.

ಅಣ್ಣ ಬಂದು ಎಲ್ಲ ನೋಡಿದರು. ಬೇಡ ಅನ್ನುತ್ತಾರೆ ಎಂದುಕೊಂಡಿದ್ದೆ. "ಹಂಗಾದ್ರೆ ಹಿಂದೆ ನಾನು ಬರ್ತೀನಿ ಬೈಕ್‌ನಾಗೆ. ಯಾವ ಲಾರಿನೂ ಬಿಡಲ್ಲ," ಎಂದರು.

ಸಂತೆಯಿಲ್ಲದ ದಿನ, ಮಾಳ ಖಾಲಿ. ಎಡಕ್ಕೆ ವಾಲಿದ ಆ ರಸ್ತೆಯಲ್ಲಿ ನಾವಿಬ್ಬರು, ಹಿಂದೆ ಬೈಕಿನ ಲೈಟು ಮಿನುಗಿಸುತ್ತ ಅಣ್ಣ. ಟೀಚರ್ ಭುಜ ಮರದ ಹಲಗೆಯ ಹಾಗೆ ಬಿಗಿದಿತ್ತು. ಮೊದಲ ಸಾಲಿಗೆ ಮೀಟರ್ ಕೊಟ್ಟು ಹೋದೆವು, ಬಂದೆವು. ಎರಡನೆಯದು. ಮೂರನೆಯದು. ಪ್ರತಿ ಸಲವೂ ಆ ತಗ್ಗು ಹತ್ತಿರವಾದಾಗ ಆಕೆ ಉಸಿರು ಹಿಡಿಯುತ್ತಿದ್ದದ್ದು ಹಿಂದೆ ಕೂತ ನನಗೆ ತಿಳಿಯುತ್ತಿತ್ತು. ನಾನೂ ಹಿಡಿಯುತ್ತಿದ್ದೆ. ನಡುವೆ ಎರಡು ಸಲ ಗಾಡಿ ಸತ್ತಿತು. ಮೀಟರಿದ್ದ ಸಾಲು ಮಾತ್ರ ನಿರ್ದೋಷಿ. ಅಣ್ಣ ಇಳಿದು ಬಂದು ತಳ್ಳಿ ಪಕ್ಕಕ್ಕೆ ಹಾಕುವರು, ಕಾಯುವೆವು, ಮತ್ತೆ ಹೊರಡುವೆವು. ಟೀಚರ್ ಹಣೆಯಿಂದ ಬೆವರು ಇಳಿದು ಕನ್ನಡಕದ ಮೇಲೆ ಬೀಳುತ್ತಿತ್ತು.

"ಸಾಕು ಅನ್ಸಿದ್ರೆ ನಾಳೆ ಮಾಡೋಣ," ಎಂದೆ.

"ನಾಳೆ ಅಂದ್ರೆ ರಾತ್ರಿಯೆಲ್ಲಾ ಇದೇ ಯೋಚನೆ ಮಾಡ್ಬೇಕು. ನಡೀರಿ."

ಹನ್ನೊಂದನೇ ಸಾಲಿಗೆ ಕೊಟ್ಟಾಗ ತಗ್ಗಿನಲ್ಲಿ ಗಾಡಿ ಮತ್ತೆ ಸತ್ತಿತು. ಮೀಟರ್ ನೋಡಿದೆ. ಅದುವರೆಗೆ ಅಳೆದ ಸಾಲುಗಳೆಲ್ಲ ಮೂರರ ಮೇಲೆ ನಿಂತಿದ್ದ ಕಡೆ ಇದು ಎರಡು ವೋಲ್ಟಿನ ಹತ್ತಿರಕ್ಕೆ ಬಿದ್ದಿತ್ತು. ಸಿಕ್ಕಿತು ಎನ್ನುವ ಸಂತೋಷಕ್ಕಿಂತ ಮೊದಲು ಬಂದದ್ದು ಬೇರೆ ಯೋಚನೆ: ಇದು ನಿಜವಾದ ಕುಸಿತವೇ ಆಗಿದ್ದರೆ ಒಳಗೆ ಏನಾಗಿರಬೇಕು.

ಅಂಗಡಿಗೆ ತಂದು, ಬ್ಯಾಟರಿಯನ್ನು ಪೆಟ್ಟಿಗೆಯಿಂದ ಪೂರ್ತಿ ಹೊರಗೆ ತೆಗೆದು ಸುತ್ತಿದ್ದ ಕಾಗದ ಬಿಡಿಸಿದೆ. ಅಣ್ಣ, ತಂಗಿ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ಸೆಲ್‌ಗಳ ತಲೆಗೆ ನಿಕ್ಕಲ್ ಪಟ್ಟಿಯನ್ನು ಚುಕ್ಕಿ ಚುಕ್ಕಿಯಾಗಿ ಸುಟ್ಟು ಅಂಟಿಸಿರುತ್ತಾರೆ, ಸ್ಪಾಟ್ ವೆಲ್ಡಿಂಗ್. ಹನ್ನೊಂದನೇ ಸಾಲಿನ ಪಟ್ಟಿಗೆ ಪ್ಲಾಸ್ಟಿಕ್ ಚಮಚದ ತುದಿ ಕೊಟ್ಟು ಎತ್ತಿದೆ. ಹಪ್ಪಳದ ಹಾಗೆ ಎದ್ದು ಬಂತು. ಐದರಲ್ಲಿ ಮೂರು ಸೆಲ್‌ಗಳ ವೆಲ್ಡಿಂಗ್ ಹಿಡಿದೇ ಇರಲಿಲ್ಲ. ಸುಮ್ಮನೆ ನಿಂತಾಗ ಪಟ್ಟಿ ಸೆಲ್ಲಿನ ಮೇಲೆ ಒರಗಿರುತ್ತದೆ, ಐದೂ ಸಮವಾಗಿ ಕಾಣುತ್ತವೆ. ಪೆಟ್ಟಿಗೆ ತಿರುಚಿದಾಗ ಪಟ್ಟಿ ಮೇಲೇಳುತ್ತದೆ, ಐದರ ಭಾರ ಎರಡರ ಮೇಲೆ ಬೀಳುತ್ತದೆ. ಮೇಲೆದ್ದ ಕಡೆಯೆಲ್ಲ ಕಿಡಿ ಹಾರಿ ಲೋಹ ಕಪ್ಪಾಗಿತ್ತು, ಸೆಲ್ಲಿನ ನೀಲಿ ಹೊದಿಕೆ ಸುಟ್ಟು ಸುರುಟಿಕೊಂಡಿತ್ತು.

ಅಣ್ಣ ಹತ್ತಿರ ಬಂದು ಬಗ್ಗಿ ನೋಡಿದರು. ಮುಟ್ಟಲಿಲ್ಲ.

"ಡೈರೆಕ್ಟ್ ಮಾಡಿದ್ರೆ?" ಎಂದರು.

"ನಿಲ್ತಿರಲಿಲ್ಲ. ಇದು ಬಿಸಿ ಏರ್ತಾ ಹೋಗ್ತಿತ್ತು."

"ಸೀಟ್ ಕೆಳಗೆ," ಎಂದರು. ಅಷ್ಟೇ ಹೇಳಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.

ಟೀಚರ್ ಗಾಡಿಯ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ದಾವಣಗೆರೆಯಲ್ಲಿ ನನಗೆ ನಂಬಿಕೆಯಿದ್ದ ಒಬ್ಬರಿಂದ ಎಲ್ಲ ಸಾಲುಗಳನ್ನೂ ಹೊಸದಾಗಿ ವೆಲ್ಡ್ ಮಾಡಿಸಿ, ಸುಟ್ಟ ಸೆಲ್ ಬದಲಿಸಿ, ಪೆಟ್ಟಿಗೆಯನ್ನು ಅಡ್ಡಪಟ್ಟಿಯಿಂದ ಬಿಡಿಸಿ ರಬ್ಬರಿನ ಮೇಲೆ ಕೂರಿಸಿದೆವು. ಅದಾದ ಮೇಲೆ ಅದು ನಿಂತಿಲ್ಲ. ಟೀಚರ್ ಬಹಳ ದಿನ ನಾಲೆ ಏರಿಯ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದರು. ಈಗ ಏರಿಯ ಮೇಲೇ ಹೋಗುತ್ತಾರೆ.

ಆದರೆ ಬ್ಯಾಟರಿ ಬಿಚ್ಚಿದ ಆ ಸಂಜೆ ಇನ್ನೊಂದು ಮಾತು ಎದ್ದಿತು. ಬ್ಯಾಟರಿ ಕಟ್ಟಿಕೊಟ್ಟವರು ಚನ್ನಗಿರಿಯಲ್ಲಿದ್ದರು. ನಂಬರ್ ಟೀಚರ್ ಹತ್ತಿರ ಇತ್ತು. ನಾನು ಫೋಟೊ ಕಳಿಸಿ ಫೋನ್ ಮಾಡಿದೆ. ಮೊದಲು ಅವರು, ಗಾಡಿ ಎತ್ತಿ ಹಾಕಿರಬೇಕು, ನಮ್ಮ ವೆಲ್ಡಿಂಗ್ ಹಂಗೆ ಬಿಡಲ್ಲ ಎಂದರು. ನಾನು ವಾದ ಮಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: ಇದನ್ನು ಕಟ್ಟಿದ ಹೊತ್ತಿನಲ್ಲಿ ಬೇರೆ ಯಾರಿಗಾದರೂ ಕಟ್ಟಿಕೊಟ್ಟಿದ್ದೀರಾ?

ಅವರ ದನಿ ಬೇರೆಯಾಯಿತು.

"ಆ ದಿನಗಳಾಗೆ ನಮ್ಮ ಕಡೆ ಲೋ ವೋಲ್ಟೇಜ್ ಇತ್ತು ರೀ. ಮಿಷನ್ ಸರಿಯಾಗಿ ಹೊಡೀತಿರಲಿಲ್ಲ. ಸೈಡ್ ವೀಲ್ ಗಾಡಿಯವರು ಒಬ್ಬರಿಂದ ಒಬ್ಬರು ಕೇಳಿ ಬಂದಿದ್ರು. ಇನ್ನೂ ಮೂವರಿಗೆ ಕಟ್ಟೀನಿ. ಒಬ್ಬರು ಇಲ್ಲೇ ಚನ್ನಗಿರಿ. ಒಬ್ಬರು ಬಸವಾಪಟ್ಟಣ. ಒಬ್ಬರು ಜಗಳೂರು."

"ಅವರ ಗಾಡಿನೂ ನಿಲ್ತಾ ಇತ್ತೇನು?"

"ಜಗಳೂರಿನೋರು ನಿಲ್ತೈತೆ ಅಂತ ಫೋನ್ ಮಾಡಿದ್ರು. ಆಮೇಲೆ ಅಲ್ಲೇ ಯಾರೋ ಸರಿ ಮಾಡಿಕೊಟ್ರಂತೆ."

"ಹೆಂಗೆ ಸರಿ ಮಾಡಿದ್ರಂತೆ?"

ಅವರು ಉತ್ತರ ಹೇಳುವ ಮೊದಲೇ ನನಗೆ ಗೊತ್ತಾಗಿತ್ತು.

ಆ ಸಂಜೆಯೇ ಅವರು ತಮ್ಮೂರಿನ ಗಿರಾಕಿಯ ಗಾಡಿ ನಿಲ್ಲಿಸಿದರು. ಬಸವಾಪಟ್ಟಣದವರ ಫೋನ್ ಸ್ವಿಚ್ ಆಫ್, ಮನೆ ಎಲ್ಲೆಂದು ಅವರಿಗೆ ಗೊತ್ತಿರಲಿಲ್ಲ. ಜಗಳೂರಿನವರಿಗೆ ಟೀಚರ್ ತಾವೇ ಫೋನ್ ಮಾಡಿದರು. ಅಂಗವಿಕಲರ ಸಭೆಯೊಂದರಲ್ಲಿ ಪರಿಚಯವಿತ್ತಂತೆ. ಅವರು ನಕ್ಕುಬಿಟ್ಟರಂತೆ. "ಟೀಚರಮ್ಮ, ಡೈರೆಕ್ಟ್ ಮಾಡಿಸಿದ ಮ್ಯಾಲೆ ಒಂದು ಸಲನೂ ನಿಂತಿಲ್ಲ. ನೀವೂ ಮಾಡಿಸಿಕೊಳ್ರಿ."

ಮರುದಿನ ಬೆಳಿಗ್ಗೆ ನಾನು ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಇಳಿದು ಜಗಳೂರಿನ ಬಸ್ಸು. ಬ್ಯಾಟರಿ ಕಟ್ಟಿದ ಚನ್ನಗಿರಿಯವರು ಬೈಕಿನಲ್ಲಿ ಬರುತ್ತೇನೆ ಎಂದಿದ್ದರು. ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ದಾರಿಯುದ್ದಕ್ಕೂ ಫೋನ್ ಕೈಯಲ್ಲೇ ಹಿಡಿದು ಕೂತಿದ್ದೆ.

ಜಗಳೂರಿನವರದು ಝೆರಾಕ್ಸ್ ಅಂಗಡಿ, ಹಿಂದೆಯೇ ಮನೆ. ಎರಡೂ ಕಾಲಿಗೆ ಬಲವಿಲ್ಲ. ಎತ್ತರದ ಸ್ಟೂಲಿನ ಮೇಲೆ ಕೂತು ಆಧಾರ್ ಕಾರ್ಡುಗಳನ್ನು ಮಿಷನ್ನಿಗೆ ಕೊಡುತ್ತಿದ್ದರು. ನಾನು ಯಾರೆಂದು ಹೇಳಿದೆ.

"ಅಷ್ಟು ದೂರದಿಂದ ಬಂದ್ರಾ?" ಎಂದರು ಆಶ್ಚರ್ಯದಿಂದ. "ಗಾಡಿ ಚಾರ್ಜಿಗೆ ಹಾಕೀನಿ. ನಡುಮನೆಯಾಗೆ ಐತೆ. ನೋಡ್ರಿ, ಆದ್ರೆ ಬಿಚ್ಚಬ್ಯಾಡ್ರಿ. ಮಧ್ಯಾಹ್ನ ಪೇಪರ್ ತರಾಕೆ ಹೋಗ್ಬೇಕು."

ನಡುಮನೆಯಲ್ಲಿ, ಅಡುಗೆ ಮನೆ ಬಾಗಿಲಿಗೆ ತಾಗಿಕೊಂಡು ಗಾಡಿ ನಿಂತಿತ್ತು. ಒಳಗೆ ಅವರ ಹೆಂಡತಿ ಒಗ್ಗರಣೆ ಹಾಕುತ್ತಿದ್ದರು. ಹಾಗಿದ್ದರೂ ಬೇರೆಯೇ ಒಂದು ವಾಸನೆ ನನ್ನ ಮೂಗಿಗೆ ಬಂತು. ಉಗುರು ಬಣ್ಣ ತೆಗೆಯುವ ದ್ರವದಂಥ ಸಿಹಿ ವಾಸನೆ. ಸೆಲ್ ಒಡೆದಾಗ ಬರುವಂಥದ್ದು. ಮೊದಲು ಚಾರ್ಜರ್ ಕಿತ್ತೆ. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಆಗಷ್ಟೇ ಇಳಿಸಿದ ಹಾಲಿನ ಪಾತ್ರೆಯ ಹಾಗಿತ್ತು.

"ಅಮ್ಮ, ಒಲೆ ಆರಿಸ್ರಿ. ಗಾಡಿ ಹೊರಗೆ ತಗೋಬೇಕು. ಈಗಲೇ."

ಆಕೆ ನನ್ನ ಮುಖ ನೋಡಿದರು, ಏನೂ ಕೇಳದೆ ಒಲೆ ಆರಿಸಿದರು. ಇಬ್ಬರೂ ಸೇರಿ ಗಾಡಿಯನ್ನು ಹಿತ್ತಿಲಿನ ಬಯಲಿಗೆ ದೂಡಿದೆವು. ಯಜಮಾನರು ಹಿಂದೆಯೇ ಕೈಯೂರಿ ತೆವಳಿಕೊಂಡು ಬಂದರು. ಸಿಟ್ಟು ಬಂದಿತ್ತು.

"ನೀವು ಬಿಚ್ಚಿಟ್ಟು ಬಸ್ ಹತ್ತಿ ಹೋಗ್ತೀರಿ. ನಾಳೆ ನಾನು ಹೆಂಗೆ ಓಡಾಡ್ಲಿ? ನಿಮಗೆ ಕಾಲು ಅದಾವೆ."

ಬಳೆ ತೆಗೆದು ಆಕೆಯ ಕೈಗೆ ಕೊಟ್ಟು ಬೋಲ್ಟ್ ಬಿಚ್ಚತೊಡಗಿದೆ. ಮುಚ್ಚಳ ಎತ್ತಿದ ಕೂಡಲೇ ವಾಸನೆ ಮುಖಕ್ಕೆ ಹೊಡೆಯಿತು. ಬೋರ್ಡನ್ನು ತಪ್ಪಿಸಿ ಹೋಗಿದ್ದ ಕೆಂಪು ತಂತಿಯನ್ನು ಮೊದಲು ಕತ್ತರಿಸಿದೆ. ಕೆಳಗೆ ಸೆಲ್‌ಗಳನ್ನು ಹಿಡಿದಿದ್ದ ಪ್ಲಾಸ್ಟಿಕ್ ಕರಗಿ ಇಳಿದು ಗಟ್ಟಿಯಾಗಿತ್ತು. ಒಂದು ಸೆಲ್ಲಿನ ತಲೆ ಉಬ್ಬಿ ಬಿರಿದಿತ್ತು. ಸುತ್ತಿದ್ದ ಕಾಗದ ರೊಟ್ಟಿ ಸೀದ ಹಾಗೆ ಕಂದುಬಣ್ಣ.

ಅವರು ಪೆಟ್ಟಿಗೆಯ ಅಂಚು ಹಿಡಿದು ಒಳಗೆ ನೋಡಿದರು. ಸಿಟ್ಟು ಎಲ್ಲಿಗೋ ಹೋಯಿತು.

"ದಿನಾ ಬೆಳಿಗ್ಗೆ ಮಗಳನ್ನ ಮುಂದೆ ನಿಲ್ಲಿಸ್ಕೊಂಡು ಅಂಗನವಾಡಿಗೆ ಬಿಡ್ತೀನಿ," ಎಂದರು. ಯಾರಿಗೂ ಹೇಳಿದಂತಿರಲಿಲ್ಲ.

ಚನ್ನಗಿರಿಯವರು ಬಂದದ್ದು ಆಗ. ಮೂವತ್ತರ ಆಸುಪಾಸಿನ ಮನುಷ್ಯ, ಮೈಯೆಲ್ಲ ಧೂಳು. ಬೈಕ್ ನಿಲ್ಲಿಸಿ ನೇರ ಹಿತ್ತಿಲಿಗೆ ಬಂದು ಪೆಟ್ಟಿಗೆ ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ನಾನೇ ಕಟ್ಟಿದ್ದು. ಬಸವಾಪಟ್ಟಣದಾಗೂ ಒಬ್ಬರಿಗೆ ಇದೇ ಕಟ್ಟೀನಿ," ಎಂದರು. "ಹೊಸದು ಕಟ್ಟಿಕೊಡ್ತೀನಿ. ಅಲ್ಲೀ ತನಕ ನಮ್ಮ ಅಂಗಡಿ ಆಟೊ ಕಳಿಸ್ತೀನಿ, ನೀವು ಎಲ್ಲಿಗೆ ಅಂದ್ರೆ ಅಲ್ಲಿಗೆ ಬರ್ತೈತೆ."

ಜಗಳೂರಿನವರ ಹೆಂಡತಿ, "ಇನ್ನೊಬ್ಬರು ಯಾರೋ ಅದಾರೆ ಅಂದ್ರಲ್ಲ, ಅವರಿಗೆ ಮೊದಲು ಫೋನ್ ಮಾಡ್ರಿ," ಎಂದರು.

ಚನ್ನಗಿರಿಯವರು ಜೇಬಿನಿಂದ ಫೋನ್ ತೆಗೆದು ಬಸವಾಪಟ್ಟಣದ ನಂಬರ್ ಒತ್ತಿ ಸ್ಪೀಕರಿಗೆ ಹಾಕಿದರು. ಈ ಸಲ ರಿಂಗಾಯಿತು. ಪೂರ್ತಿ ರಿಂಗಾಗಿ ನಿಂತಿತು. ಮತ್ತೆ ಒತ್ತಿದರು. ಯಾರೂ ಎತ್ತಲಿಲ್ಲ. ನಾವು ನಾಲ್ವರೂ ಆ ಫೋನನ್ನೇ ನೋಡುತ್ತಿದ್ದೆವು. ಇನ್ನೊಮ್ಮೆ ಒತ್ತಿದಾಗ ಆ ಕಡೆಯಿಂದ ಗಾಳಿಯ ಸದ್ದಿನ ಜೊತೆಗೆ ದನಿ ಬಂತು.

"ಹಲೋ, ಗಾಡಿ ಮ್ಯಾಲಿದ್ದೆ ರೀ, ಅದಕ್ಕೆ ಎತ್ತಲಿಲ್ಲ. ನಾನೇ ಮಾಡ್ಬೇಕು ಅಂತಿದ್ದೆ. ಗಾಡಿ ಯಾಕೋ ಬಿಸಿ ಬರ್ತೈತೆ. ಕೂತ ಕಡೆ ಸುಡ್ತೈತೆ."

ಚನ್ನಗಿರಿಯವರು ಕೂತಲ್ಲಿಂದ ಎದ್ದರು. "ಗಾಡಿ ನಿಲ್ಸ್ರಿ. ಚಾವಿ ಆಫ್ ಮಾಡ್ರಿ. ಇಳೀರಿ, ದೂರ ಹೋಗ್ರಿ."

"ನಿಲ್ಸೀನಿ. ಆಫ್ ಮಾಡೀನಿ." ಸ್ವಲ್ಪ ತಡೆದು, "ಆದ್ರೆ ನಾನೊಬ್ಬನೇ ಇಳಿಯಾಕೆ ಆಗಲ್ಲ ರೀ. ಮನೆಯಾಗೆ ಹತ್ತಿಸ್ತಾರೆ, ಮನೆಯಾಗೆ ಇಳಿಸ್ತಾರೆ."

ಚನ್ನಗಿರಿಯವರು ನನ್ನ ಕಡೆ ನೋಡಿದರು. ನಾನು ಫೋನಿನ ಹತ್ತಿರ ಬಗ್ಗಿದೆ.

"ನೀವು ಎಲ್ಲಿದ್ದೀರಿ ಈಗ? ಹತ್ತಿರ ಯಾರಾದ್ರೂ ಕಾಣ್ತಾರಾ?"

"ಬಸ್ ಸ್ಟ್ಯಾಂಡ್ ಮುಂದೆ ಇದ್ದೀನಮ್ಮ. ಹೋಟೆಲ್‌ನೋರು ಅದಾರೆ."

"ಕೂಗ್ರಿ ಅವರನ್ನ. ಫೋನ್ ಅವರ ಕೈಗೆ ಕೊಡ್ರಿ."

ಕೂಗಿದ್ದು ಕೇಳಿತು. ಬಸ್ಸಿನ ಹಾರ್ನು, ಯಾರದೋ ಚಪ್ಪಲಿ ಸದ್ದು. ಹೊಸ ದನಿಯೊಂದು "ಯಾರ್ರೀ ಮಾತಾಡೋದು" ಎಂದಿತು. ಬ್ಯಾಟರಿ ಸುಡುತ್ತಿದೆ, ಅವರನ್ನು ಮೊದಲು ಎತ್ತಿ ಇಳಿಸಿ, ಆಮೇಲೆ ಗಾಡಿಯನ್ನು ಬಯಲಿಗೆ ತಳ್ಳಿ, ಹತ್ತಿರ ಯಾರೂ ನಿಲ್ಲಬೇಡಿ ಎಂದೆ. ಒಂದೇ ಉಸಿರಿನಲ್ಲಿ ಹೇಳಿದೆ. ಆ ಮನುಷ್ಯ ಮರುಪ್ರಶ್ನೆ ಕೇಳಲಿಲ್ಲ. ಫೋನ್ ಎಲ್ಲೋ ಇಟ್ಟ ಸದ್ದಾಯಿತು. "ಏ ಬಾರಪ್ಪ, ಆ ಕಡೆ ಹಿಡಿ" ಎಂದದ್ದು ದೂರದಿಂದ ಕೇಳಿತು. ಕಬ್ಬಿಣದ ಊರುಗೋಲು ನೆಲಕ್ಕೆ ಬಿದ್ದ ಸದ್ದು. ಆಮೇಲೆ ಏನೂ ಕೇಳಲಿಲ್ಲ, ಬರಿಯ ಬಸ್ ಸ್ಟ್ಯಾಂಡಿನ ಗದ್ದಲ.

ಜಗಳೂರಿನವರು ಫೋನಿಗೆ ಕಿವಿಕೊಟ್ಟು ಮಣ್ಣಿನ ಮೇಲೆ ಕೂತಿದ್ದರು. ಅವರ ಹೆಂಡತಿ ನನ್ನ ಬಳೆಗಳನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು.

ಕೊನೆಗೆ ಯಾರೋ ಫೋನ್ ಎತ್ತಿಕೊಂಡರು. ಏದುಸಿರು ಬಿಡುತ್ತಿದ್ದರು.

"ಇಳಿಸಿದ್ವಿ ರೀ, ಗಾಡಿ ಬಯಲಿಗೆ ತಳ್ಳಿದ್ವಿ," ಎಂದಿತು ಹೋಟೆಲಿನವರ ದನಿ. "ನಮ್ಮ ಬೆಂಚಿನ ಮ್ಯಾಲೆ ಕುಂದ್ರಿಸೀವಿ. ಚಾ ಕೊಡ್ತಾ ಇದ್ದೀವಿ."